ವಾಲಿಯ ವರ ಮತ್ತು ಒಂದು ಟಿಟಿ ಬ್ಯಾಟು

ಕಳೆದ ವರ್ಷ ಒಂದು ಶನಿವಾರ ಬೆಳಿಗ್ಗೆ, ಅಲ್ ನಹ್ದಾದ ನಮ್ಮ ಕಟ್ಟಡದ ಜಿಮ್ ಪಕ್ಕದ ಕೋಣೆಯಲ್ಲಿ, ಅರುವತ್ತೊಂಬತ್ತು ವರ್ಷದ ನಿವೃತ್ತ ಮಾಷ್ಟ್ರೊಬ್ಬರ ಎದುರು ನಾನು ಟೇಬಲ್ ಟೆನ್ನಿಸ್‌ನಲ್ಲಿ ಸೋತೆ. 11-3, 11-5, 11-4. ಅವರಿಗೆ ಮೊಣಕಾಲು ನೋವು. ಮೇಜಿನ ಎಡಮೂಲೆಯಿಂದ ಎರಡು ಹೆಜ್ಜೆ ಆಚೆ ಈಚೆ ಬಿಟ್ಟು ಅವರು ಕದಲಲಿಲ್ಲ. ನಾನು ಬೆವರಿನಲ್ಲಿ ತೊಯ್ದಿದ್ದೆ. ಕೈಕುಲುಕುವಾಗ ನಗುತ್ತಲೇ ಹೇಳಿದೆ, "ಮಾಷ್ಟ್ರೇ, ಇದು ಆಟ ಅಲ್ಲ, ಮೋಸ." ಅವರೂ ನಕ್ಕರು. ಆದರೆ ನಾನು ಹೇಳಿದ್ದು ತಮಾಷೆಗಲ್ಲ ಎಂಬುದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಾಗಿರಬೇಕು.

ಈ ಪ್ರಬಂಧ ಆ ಒಂದು ಶಬ್ದದ ಬಗ್ಗೆ. ಯಾವುದಕ್ಕೆ ಮೋಸ ಎನ್ನಬೇಕು, ಯಾವುದಕ್ಕೆ ಎನ್ನಬಾರದು ಎಂಬ ಬಗ್ಗೆ. ಲೆಕ್ಕ ಪರಿಶೋಧನೆಯ ವೃತ್ತಿಯಲ್ಲಿ ಎರಡು ದಶಕ ಕಳೆದವನಿಗೆ ಇದು ಮೊದಲೇ ತಿಳಿದಿರಬೇಕಿತ್ತು ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಅಲ್ ನಹ್ದಾ ನೋಡದವರಿಗಾಗಿ ಒಂದು ಮಾತು. ಈ ಹೆಸರಿನ ಬಡಾವಣೆ ದುಬೈಯಲ್ಲೂ ಇದೆ, ಶಾರ್ಜಾದಲ್ಲೂ ಇದೆ. ಎರಡೂ ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ಎಮಿರೇಟಿನ ಗಡಿ. ನಾವಿರುವುದು ಶಾರ್ಜಾದ ಕಡೆ, ಸಹಾರಾ ಸೆಂಟರ್‌ಗೆ ನಡೆದು ಹೋಗುವಷ್ಟು ಹತ್ತಿರ. ದುಡಿಯುವುದು ಆಚೆ, ಮಲಗುವುದು ಈಚೆ. ಬೆಳಿಗ್ಗೆ ಆ ಗಡಿ ದಾಟಲು ಪಡುವ ಪಾಡು ಇಲ್ಲಿರುವ ಕನ್ನಡಿಗರಿಗೆಲ್ಲ ಗೊತ್ತು. ಆದ್ದರಿಂದ ರಜಾದಿನಗಳಲ್ಲಿ ಕಾರಿನ ಕೀಲಿಯನ್ನೇ ಮುಟ್ಟದೆ ಆಡಬಹುದಾದ ಆಟವೆಂದರೆ ನಮಗೆ ದೊಡ್ಡ ಸಂಗತಿ. ಕಟ್ಟಡದ ಒಂದು ಟಿಟಿ ಮೇಜಿನ ಸುತ್ತ ಮಂಗಳೂರಿನವರು, ಮಲಯಾಳಿಗಳು, ಫಿಲಿಪೀನ್ಸಿನವರು, ಲಾಹೋರಿನ ಒಬ್ಬ ಎಂಜಿನಿಯರು, ಶಾಲೆ ಮಕ್ಕಳು ಎಲ್ಲ ಸೇರುತ್ತೇವೆ.

ಮಾಷ್ಟ್ರು ಕುಂಬಳೆ ಕಡೆಯವರು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ಮಗನ ಮನೆಗೆ ಬಂದವರು. ಮಗ, ಸೊಸೆ ಇಬ್ಬರಿಗೂ ಕೆಲಸ. ಹಗಲಿಡೀ ಹದಿನಾಲ್ಕನೇ ಮಹಡಿಯಲ್ಲಿ ಒಬ್ಬರೇ. ಕಾಲೇಜಿನಲ್ಲಿ ಓದುವಾಗ ಟಿಟಿ ಆಡಿದ್ದರಂತೆ. ಅವರ ಬ್ಯಾಟಿನ ಕೆಂಪು ಬದಿ ನಮ್ಮೆಲ್ಲರದ್ದರಂತೆ ನುಣುಪು. ಕಪ್ಪು ಬದಿಯಲ್ಲಿ ಮಾತ್ರ ಸಾಲು ಸಾಲಾಗಿ ಸಣ್ಣ ಕಡ್ಡಿಗಳಂಥ ಉದ್ದ ಮುಳ್ಳುಗಳು. ಇಂಗ್ಲಿಷಿನವರು ಅದಕ್ಕೆ ಲಾಂಗ್ ಪಿಂಪಲ್ಸ್ ಎನ್ನುತ್ತಾರೆ. ನಮ್ಮ ಮಕ್ಕಳು 'ಮೊಡವೆ ಬ್ಯಾಟು' ಎಂದು ಹೆಸರಿಟ್ಟಿದ್ದಾರೆ.

ಈ ಮೊಡವೆ ಮಾಡುವ ಕೆಲಸ ವಿಚಿತ್ರ. ಸಾಮಾನ್ಯ ರಬ್ಬರು ಚೆಂಡನ್ನು ಹಿಡಿದು, ಬಂದ ತಿರುಗುವಿಕೆಯನ್ನು ಅಳಿಸಿ, ಹೊಡೆದವನಿಗೆ ಬೇಕಾದ ತಿರುಗುವಿಕೆ ಕೊಡುತ್ತದೆ. ಉದ್ದ ಮುಳ್ಳು ಹಿಡಿಯುವುದಿಲ್ಲ, ಬಾಗುತ್ತದೆ. ಚೆಂಡು ತಾನು ಹೇಗೆ ತಿರುಗುತ್ತಿತ್ತೋ ಬಹುಪಾಲು ಹಾಗೆಯೇ ತಿರುಗುತ್ತ ಹಿಂದಿರುಗುತ್ತದೆ. ಆದರೆ ಈಗ ಅದರ ಪಯಣದ ದಿಕ್ಕು ಬದಲಾಗಿದೆಯಲ್ಲ! ಹಾಗಾಗಿ ನಾನು ಮೈಯೆಲ್ಲ ಶಕ್ತಿ ಹಾಕಿ ಕೊಟ್ಟ ಟಾಪ್‌ಸ್ಪಿನ್ ನನ್ನ ಬಳಿಗೆ ಬರುವಾಗ ಬ್ಯಾಕ್‌ಸ್ಪಿನ್ ಆಗಿರುತ್ತದೆ. ಎಂದಿನಂತೆ ಹೊಡೆದರೆ ನೆಟ್ಟಿಗೆ. ಸರಿ, ಕೆಳಗಿನಿಂದ ಕೊಯ್ದು ತಳ್ಳೋಣ ಎಂದರೆ, ಅದು ತಿರುಗಿ ಬರುವಾಗ ಬ್ಯಾಕ್‌ಸ್ಪಿನ್ ಇರುವುದೇ ಇಲ್ಲ. ಮತ್ತೆ ಕೊಯ್ದರೆ ಚೆಂಡು ಗಾಳಿಪಟದಂತೆ ಮೇಲೇಳುತ್ತದೆ, ಮಾಷ್ಟ್ರು ಕೆಂಪು ಬದಿಯಿಂದ ಮೆಲ್ಲಗೆ ಮುಗಿಸುತ್ತಾರೆ. ನಾನು ಎಷ್ಟು ಜೋರಾಗಿ ತಿರುಗಿಸಿದರೆ ನನಗೆ ಅಷ್ಟೇ ಹೆಚ್ಚು ಕಷ್ಟ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಇದಾದ ಎರಡು ವಾರಕ್ಕೆ ಕಟ್ಟಡದ ಪಂದ್ಯಾವಳಿ ನಡೆಸುವ ಮಾತು ಬಂತು. ಹದಿನಾರು ಮಂದಿ ಹೆಸರು ಕೊಟ್ಟರು. ಮಾಷ್ಟ್ರಿಗೆ ಸೋತಿದ್ದವರು ನಾನೊಬ್ಬನೇ ಅಲ್ಲ. "ಮೊಡವೆ ಬ್ಯಾಟು ಬೇಡ ಎಂದು ನಿಯಮ ಮಾಡೋಣ" ಎಂದು ಯಾರೋ ಅಂದರು, ಹಲವರು ತಲೆಯಾಡಿಸಿದರು. ನಿಯಮ ಬರೆಯುವ ಕೆಲಸ ನನಗೆ ಬಂತು. ಸಿಎ ಓದಿದವನೆಂದರೆ ಗಲ್ಫಿನ ಕನ್ನಡಿಗರಲ್ಲಿ ಇದೊಂದು ಶಾಪ. ಸಂಘದ ಖಜಾಂಚಿಯಿಂದ ಹಿಡಿದು ಗಣೇಶೋತ್ಸವದ ಊಟದ ಲೆಕ್ಕದವರೆಗೆ ಎಲ್ಲವೂ ನಮ್ಮ ತಲೆಗೇ. "ಎರಡೂ ಬದಿಯಲ್ಲಿ ನುಣುಪು ರಬ್ಬರ್ ಇರುವ ಬ್ಯಾಟುಗಳಿಗೆ ಮಾತ್ರ ಅವಕಾಶ" ಎಂದು ಒಂದೇ ಸಾಲಿನಲ್ಲಿ ಬರೆದೆ. ಬರೆಯುವಾಗ ಖುಷಿಯೂ ಆಯಿತು. ಆ ಖುಷಿಯೇ ನನ್ನನ್ನು ಮೊದಲು ಎಚ್ಚರಿಸಿದ್ದು. ನಿಯಮ ಬರೆಯುವವನಿಗೆ ಖುಷಿಯಾಗುತ್ತಿದೆ ಎಂದರೆ ಅದರಲ್ಲಿ ಅವನ ಲಾಭವೇನೋ ಇದೆ. ಆಡಿಟ್‌ನಲ್ಲಿ ನಾವು ಮೊದಲು ಕಲಿಯುವ ಪಾಠ ಅದು.

ಹಾಗಾಗಿ ಆಟದ ದೊಡ್ಡವರು ಈ ಪ್ರಶ್ನೆಯನ್ನು ಹೇಗೆ ಬಗೆಹರಿಸಿದರು ಎಂದು ಓದಲು ಕೂತೆ. ಪ್ರಶ್ನೆ ಹಳೆಯದು, ಅದೂ ನಮ್ಮ ನೆಲದಲ್ಲೇ ದೊಡ್ಡದಾದದ್ದು. 1952ರ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು ಮುಂಬಯಿಯಲ್ಲಿ. ಜಪಾನಿನ ಹಿರೋಜಿ ಸಾಟೋ ದಪ್ಪ ಸ್ಪಂಜಿನ ಬ್ಯಾಟು ಹಿಡಿದು ಬಂದು ಪ್ರಶಸ್ತಿ ಗೆದ್ದರು. ಅದುವರೆಗೆ ಚೆಂಡಿನ ಸದ್ದು ಕೇಳಿಯೇ ಆಡುತ್ತಿದ್ದವರಿಗೆ ಆ ಸದ್ದಿಲ್ಲದ ಬ್ಯಾಟು ಎದುರಿಸಲು ಆಗಲಿಲ್ಲ. ಆಗಲೂ ಅನ್ಯಾಯ ಎಂಬ ಕೂಗೆದ್ದಿತು. 1959ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಬರಿಯ ಸ್ಪಂಜನ್ನು ಬಿಟ್ಟು, ಸ್ಪಂಜಿನ ಮೇಲೆ ರಬ್ಬರು ಇರುವುದನ್ನು ಒಪ್ಪಿಕೊಂಡು, ಒಟ್ಟು ದಪ್ಪ 4 ಮಿಲಿಮೀಟರ್ ಮೀರಬಾರದು ಎಂದಿತು. ಇಂದು ನಾವು 'ಮಾಮೂಲಿ' ಎನ್ನುವ ಬ್ಯಾಟು ಆ ರಾಜಿಯ ಕೂಸು. ಒಂದು ಕಾಲದ ಅನ್ಯಾಯ ಇನ್ನೊಂದು ಕಾಲದ ಮಾಮೂಲು.

ಆಮೇಲೆ ಬಂದದ್ದು ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಎಪ್ಪತ್ತರ ದಶಕದ ಕೊನೆಗೆ ಕೆಲವು ಆಟಗಾರರು ಬ್ಯಾಟಿನ ಎರಡು ಬದಿಗೂ ಒಂದೇ ಬಣ್ಣದ, ಆದರೆ ಗುಣದಲ್ಲಿ ತದ್ವಿರುದ್ಧವಾದ ರಬ್ಬರುಗಳನ್ನು ಅಂಟಿಸಿಕೊಂಡರು. ಕೈಯಲ್ಲೇ ಬ್ಯಾಟು ತಿರುಗಿಸಿ ಹೊಡೆದರೆ ಚೆಂಡು ಯಾವ ಬದಿಯಿಂದ ಬಂತೆಂದು ಎದುರಾಳಿಗೆ ತಿಳಿಯುವುದಿಲ್ಲ. ಸದ್ದಿನ ವ್ಯತ್ಯಾಸದಿಂದಾದರೂ ಊಹಿಸೋಣ ಎಂದರೆ, ಅದೂ ಕೇಳದಂತೆ ಸರ್ವ್ ಮಾಡುವಾಗ ಕಾಲಿನಿಂದ ನೆಲ ಒದೆಯುತ್ತಿದ್ದರು! 1983ರಲ್ಲಿ ಒಕ್ಕೂಟ ಎರಡು ಬದಿಗೆ ಬೇರೆ ಬೇರೆ ಬಣ್ಣ ಇರಲೇಬೇಕೆಂದು ತೀರ್ಮಾನಿಸಿತು. ಕೆಲವು ವರ್ಷಗಳಲ್ಲಿ ಅದು ಒಂದು ಕಪ್ಪು, ಒಂದು ಕೆಂಪು ಎಂದು ಖಚಿತವಾಯಿತು. ಆಟಕ್ಕೆ ಮೊದಲು ಎದುರಾಳಿ ಕೇಳಿದರೆ ಬ್ಯಾಟನ್ನು ಅವನ ಕೈಗೆ ಕೊಟ್ಟು ಪರೀಕ್ಷಿಸಲು ಬಿಡಬೇಕು ಎಂಬುದೂ ನಿಯಮ.

ಇಲ್ಲಿ ನಾನು ಸ್ವಲ್ಪ ಹೊತ್ತು ನಿಂತೆ. ಅವರು ರಬ್ಬರನ್ನು ನಿಷೇಧಿಸಲಿಲ್ಲ, ಮರೆಮಾಚುವುದನ್ನು ನಿಷೇಧಿಸಿದರು. ಮುಂದೆಯೂ ಕತ್ತರಿ ಹಾಕಿದರು ನಿಜ. 1999ರಲ್ಲಿ ಮುಳ್ಳಿನ ಎತ್ತರಕ್ಕೂ ವ್ಯಾಸಕ್ಕೂ ಇರುವ ಅನುಪಾತ 1.1 ದಾಟಬಾರದು ಎಂದರು. 2008ರಲ್ಲಿ ಘರ್ಷಣೆಯೇ ಇಲ್ಲದಷ್ಟು ಜಾರುವ ಮುಳ್ಳುಗಳನ್ನು ಹೊರಗಿಟ್ಟರು. ಆದರೆ ಉದ್ದ ಮುಳ್ಳು ಉಳಿಯಿತು. ಐದಡಿಗೂ ಕಡಿಮೆ ಎತ್ತರದ ಡೆಂಗ್ ಯಾಪಿಂಗ್ ಬ್ಯಾಕ್‌ಹ್ಯಾಂಡಿಗೆ ಅದನ್ನೇ ಬಳಸಿ 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ ಸಿಂಗಲ್ಸ್, ಡಬಲ್ಸ್ ಸೇರಿ ನಾಲ್ಕು ಚಿನ್ನ ಗೆದ್ದರು. ನಮ್ಮ ಮಣಿಕಾ ಬಾತ್ರಾ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ, ಆಗ ವಿಶ್ವದ ನಾಲ್ಕನೇ ಸ್ಥಾನದಲ್ಲಿದ್ದ ಸಿಂಗಪುರದ ಫೆಂಗ್ ಟಿಯಾನ್‌ವೇ ಅವರನ್ನು ಸೋಲಿಸಿದ್ದು ಇದೇ ಮುಳ್ಳಿನ ಬ್ಯಾಟಿನಿಂದ. 2024ರ ಫೆಬ್ರುವರಿಯಲ್ಲಿ ಬೂಸಾನ್‌ನಲ್ಲಿ ಐಹಿಕಾ ಮುಖರ್ಜಿ ವಿಶ್ವದ ಒಂದನೇ ಆಟಗಾರ್ತಿ ಸುನ್ ಯಿಂಗ್‌ಷಾ ಅವರನ್ನು ಸೋಲಿಸಿದರಲ್ಲ, ಅವರದ್ದೂ ತಿರುಗುವಿಕೆಗೆ ಜಗ್ಗದ ಇನ್ನೊಂದು ಜಾತಿಯ ರಬ್ಬರು. ಆ ದಿನ ಆ ವಿಡಿಯೊವನ್ನು ಮೂರು ವಾಟ್ಸಾಪ್ ಗುಂಪುಗಳಿಗೆ ಕಳಿಸಿದವನು ನಾನೇ. ನಮ್ಮವರು ಗೆದ್ದಾಗ ಜಾಣತನ, ನಮ್ಮನ್ನು ಗೆದ್ದಾಗ ಮೋಸ. ಇದಕ್ಕೆ ಏನೆನ್ನಬೇಕು?

ಬರೆದ ಸಾಲನ್ನು ಹಿಡಿದುಕೊಂಡು ಮಾಷ್ಟ್ರ ಮನೆಗೇ ಹೋದೆ. ಅವರಿಗೆ ತಿಳಿಸದೆ ಅವರ ವಿರುದ್ಧ ನಿಯಮ ಮಾಡುವುದು ಸರಿಯಲ್ಲ ಅನ್ನಿಸಿತ್ತು. ಅವರು ಚಹಾ ಮಾಡಿ ಕೊಟ್ಟು, ಚೀಟಿ ಓದಿ, ಬೇಸರವಿಲ್ಲದೆ ಕೇಳಿದರು, "ತಾಳಮದ್ದಳೆ ಕೇಳುತ್ತೀರಾ?" ನಾನು ಪುತ್ತೂರಿನವನು, ಕೇಳದೆ ಇರುವುದುಂಟೇ! "ನಾನು ಊರಿನಲ್ಲಿ ಸುಮಾರು ಸಲ ವಾಲಿಯ ಅರ್ಥ ಹೇಳಿದ್ದೇನೆ. ವಾಲಿಗೆ ಒಂದು ವರ ಉಂಟಲ್ಲ, ಎದುರು ನಿಂತವನ ಅರ್ಧ ಶಕ್ತಿ ಅವನಿಗೆ ಬರುವುದು. ಈ ಕಪ್ಪು ರಬ್ಬರು ಅದೇ ಮಾರಾಯ್ರೆ. ನಿಮ್ಮ ಶಕ್ತಿಯಲ್ಲೇ ನಾನು ಆಡುವುದು. ನನ್ನ ಕಾಲಿನಲ್ಲಿ ಶಕ್ತಿ ಎಂತದ್ದು ಉಂಟು? ಆದರೆ ನೋಡಿ, ಆ ವರಕ್ಕಾಗಿ ವಾಲಿಯನ್ನು ಮೋಸಗಾರ ಎಂದು ಯಾರೂ ಹೇಳುವುದಿಲ್ಲ. ಅದು ಲೋಕಕ್ಕೇ ಗೊತ್ತಿತ್ತು. ರಾತ್ರಿ ಬೆಳಗಾಗುವವರೆಗೆ ಚರ್ಚೆ ಆಗುವುದು ಮರದ ಮರೆಯಿಂದ ಬಂದ ಬಾಣದ ಬಗ್ಗೆ."

ನಾನು ಸುಮ್ಮನಿದ್ದೆ. ಅವರೇ ಮುಂದುವರಿಸಿದರು, "ನಾಳೆ ಬೆಳಿಗ್ಗೆ ಆರು ಗಂಟೆಗೆ ಬನ್ನಿ. ಇದರ ವಿರುದ್ಧ ಹೇಗೆ ಆಡುವುದೆಂದು ಹೇಳಿಕೊಡುತ್ತೇನೆ. ಆಮೇಲೆ ಬೇಕಾದರೆ ನಿಯಮ ಮಾಡಿ."

ಹೋದೆ. ಅವರ ಪಾಠ ತುಂಬಾ ಸರಳ. ನನ್ನ ಕೈ ನೋಡಬೇಡಿ, ನಿಮ್ಮ ಹಿಂದಿನ ಹೊಡೆತವನ್ನು ನೆನಪಿಟ್ಟುಕೊಳ್ಳಿ. ನೀವು ತಿರುಗಿಸಿದ್ದರೆ ಬರುವುದು ಅದರ ತಿರುವು. ನೀವು ತಿರುಗಿಸದೆ, ನಿಧಾನವಾಗಿ, ಉದ್ದಕ್ಕೆ ಕೊಟ್ಟರೆ ನನ್ನ ಮುಳ್ಳಿಗೆ ಮಾಡಲು ಕೆಲಸವೇ ಇಲ್ಲ. ಅರ್ಧ ಗಂಟೆಯಲ್ಲಿ ಹತ್ತರಲ್ಲಿ ನಾಲ್ಕು ಚೆಂಡು ಸರಿಯಾಗಿ ಮರಳಿಸತೊಡಗಿದೆ. ತನ್ನ ಗೆಲುವಿನ ಗುಟ್ಟನ್ನು ಎದುರಾಳಿಗೆ ತಾನೇ ಹೇಳಿಕೊಡುವವನನ್ನು ಮೋಸಗಾರ ಎನ್ನುವುದು ಹೇಗೆ?

ಕಥೆ ಇಲ್ಲಿಗೇ ಮುಗಿದಿದ್ದರೆ ಇದೊಂದು ಒಳ್ಳೆಯ ನೀತಿಕಥೆ ಆಗುತ್ತಿತ್ತು. ಆದರೆ ಅದೇ ವಾರ ಆಫೀಸಿನಲ್ಲಿ ಇನ್ನೊಂದು ಘಟನೆ ನಡೆಯಿತು.

ನಮ್ಮ ಗೋದಾಮಿನ ಒಬ್ಬ ಡ್ರೈವರು ಹನ್ನೆರಡು ವರ್ಷ ದುಡಿದು ಕರೀಂನಗರಕ್ಕೆ ಮರಳುವವನಿದ್ದ. ಕೊನೆಯ ಲೆಕ್ಕದ ಹಾಳೆಗೆ ನನ್ನ ಸಹಿ ಬೇಕಿತ್ತು. ಈ ದೇಶದ ಕಾರ್ಮಿಕ ಕಾನೂನಿನಲ್ಲಿ ಗ್ರಾಚ್ಯುಟಿ ಎಂದರೆ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ನಂತರ ವರ್ಷಕ್ಕೆ 30 ದಿನದ್ದು. ಐದು ವರ್ಷಕ್ಕೆ 105 ದಿನ, ಏಳು ವರ್ಷಕ್ಕೆ 210, ಒಟ್ಟು 315 ದಿನ. ಅವನ ಕೈಗೆ ತಿಂಗಳಿಗೆ 3,000 ದಿರ್ಹಂ ಬರುತ್ತಿತ್ತು. ದಿನಕ್ಕೆ ನೂರು, ಆದ್ದರಿಂದ 31,500 ಬರುತ್ತದೆಂದು ಅವನು ಎಣಿಸಿದ್ದ. ಮಗಳ ಮದುವೆಗೆ ಆ ಮೊತ್ತವನ್ನೇ ನಂಬಿ ಮಾತು ಕೊಟ್ಟಿದ್ದ. ಹಾಳೆಯಲ್ಲಿದ್ದದ್ದು 12,600. ಏಕೆಂದರೆ ಲೆಕ್ಕ ಮೂಲ ವೇತನದ ಮೇಲೆ, ಅವನ ಮೂಲ ವೇತನ 1,200. ಉಳಿದದ್ದು ಮನೆ ಭತ್ಯೆ, ಸಾರಿಗೆ ಭತ್ಯೆ, ಇತರೆ ಭತ್ಯೆ.

ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲ. ಒಪ್ಪಂದದಲ್ಲಿ ಎಲ್ಲವೂ ಬರೆದಿತ್ತು, ಕೆಳಗೆ ಅವನ ಸಹಿಯೂ ಇತ್ತು. ಕಪ್ಪು ಕಪ್ಪಾಗಿಯೇ, ಕೆಂಪು ಕೆಂಪಾಗಿಯೇ ಇತ್ತು ಎನ್ನಬಹುದು. ಸಂಬಳವನ್ನು ಹೀಗೆ ಹೋಳು ಮಾಡುವ ಕೋಷ್ಟಕವನ್ನು, ಅವನು ಸೇರುವುದಕ್ಕೆ ಮುಂಚೆ, ಕಂಪನಿಯ ವೆಚ್ಚ ಉಳಿಸಲೆಂದು ತಯಾರಿಸಿದವನು ನಾನು. ಆ ವರ್ಷ ಅದಕ್ಕಾಗಿ ನನಗೆ ಮೆಚ್ಚುಗೆಯೂ ಸಿಕ್ಕಿತ್ತು. ಡ್ರೈವರಿಗೆ ವಿವರಿಸುವ ಕೆಲಸವನ್ನು ಸಿಬ್ಬಂದಿ ವಿಭಾಗದ ಹುಡುಗಿಗೆ ವಹಿಸಿ, ನಾನು ನನ್ನ ಕೋಣೆಯ ಬಾಗಿಲು ಹಾಕಿಕೊಂಡೆ. ಗಾಜಿನ ಆಚೆ ಅವನು ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ, ಹಿಂಬದಿಯಲ್ಲಿ ಇನ್ನೇನಾದರೂ ಬರೆದಿರಬಹುದು ಎಂಬಂತೆ.

ಸಿಎ ಓದುವಾಗ ನಮಗೆ 1985ರ ಮ್ಯಾಕ್‌ಡೊವೆಲ್ ಪ್ರಕರಣ ಪಾಠವಿತ್ತು. ಕಾನೂನಿನ ಚೌಕಟ್ಟಿನೊಳಗೆ ತೆರಿಗೆ ಉಳಿಸುವುದು ಸರಿ, ಆದರೆ ಕಪಟದ ಸಾಧನಗಳು ತೆರಿಗೆ ಯೋಜನೆಯ ಭಾಗವಾಗಲಾರವು ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು. ಇಲ್ಲಿಗೆ ಕಾರ್ಪೊರೇಟ್ ತೆರಿಗೆ ಬಂದಾಗ ಅದರಲ್ಲೂ ದುರುಪಯೋಗ ತಡೆಯುವ ಒಂದು ಕಲಮು ಸೇರಿಕೊಂಡಿತು. ಸರಕಾರದ ಎದುರು ಆಡುವಾಗ ನಿಜರೂಪ ಯಾವುದು, ತೋರಿಕೆ ಯಾವುದು ಎಂದು ನಾವು ನೂರು ಸಲ ಯೋಚಿಸುತ್ತೇವೆ. ಸರಕಾರಕ್ಕೆ ಬ್ಯಾಟು ಪರೀಕ್ಷಿಸಿ ನೋಡಲು ಗೊತ್ತು. ಡ್ರೈವರಿನ ಎದುರು ಆಡುವಾಗ ಆ ಯೋಚನೆ ನನಗೆ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಹಾಗಾದರೆ ಮಾಷ್ಟ್ರ ಬ್ಯಾಟಿಗೂ ನನ್ನ ಕೋಷ್ಟಕಕ್ಕೂ ಏನು ವ್ಯತ್ಯಾಸ? ಎರಡೂ ನಿಯಮಬದ್ಧ. ಎರಡೂ ಬಹಿರಂಗ. ಎರಡೂ ಎದುರಿನವನಿಗೆ ತಿಳಿಯದಿರುವುದರಿಂದಲೇ ಲಾಭ ಪಡೆಯುತ್ತವೆ. ಒಂದನ್ನು ಸರಿ ಎಂದು ಇನ್ನೊಂದನ್ನು ತಪ್ಪು ಎನ್ನಲು ಕಾರಣ ಬೇಕು. ನನಗೆ ಹೊಳೆದದ್ದು ಮೂರು.

ಮೊದಲನೆಯದು, ಕಾಣುವುದು ಬೇರೆ, ತಿಳಿಯುವುದು ಬೇರೆ. ಬಣ್ಣದ ನಿಯಮ ಇರುವುದು ಕಾಣಿಸುವುದಕ್ಕೆ. ಕಂಡದ್ದರ ಅರ್ಥ ಕಲಿಯುವುದು ಆಟಗಾರನ ಪಾಲಿನ ಕೆಲಸ, ಏಕೆಂದರೆ ಅವನು ಬಂದಿರುವುದೇ ಆ ಕಲಿಕೆಗೆ. ಡ್ರೈವರು ಲೆಕ್ಕದ ಆಟ ಆಡಲು ಬಂದವನಲ್ಲ, ಲಾರಿ ಓಡಿಸಲು ಬಂದವನು. ಅವನ ಕೈಯಲ್ಲಿ ಓದಲಾಗದ ಹಾಳೆಯೊಂದನ್ನಿಟ್ಟು 'ತಿಳಿಸಿದ್ದೇವಲ್ಲ' ಎನ್ನುವುದು ತಿಳಿಸಿದಂತೆ ಅಲ್ಲ.

ಎರಡನೆಯದು, ಮತ್ತೆ ಆಡುವ ಅವಕಾಶ. ನಾನು ಶನಿವಾರ ಸೋತರೆ ಭಾನುವಾರ ಮರಳಿ ಆಡಬಹುದು. ಸೋಲೇ ಪಾಠವಾಗುತ್ತದೆ. ಗ್ರಾಚ್ಯುಟಿಯ ಪಂದ್ಯ ಜೀವನದಲ್ಲಿ ಒಮ್ಮೆ, ಅದೂ ಕೊನೆಯ ದಿನ. ಪಾಠ ಕಲಿಯುವ ಹೊತ್ತಿಗೆ ವಿಮಾನದ ಟಿಕೆಟ್ಟು ಕೈಯಲ್ಲಿರುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ಎದುರಿನವನು ಎಲ್ಲವನ್ನೂ ತಿಳಿದುಕೊಂಡರೆ ನನಗೆ ಸಂತೋಷವೋ, ಭಯವೋ? ಮಾಷ್ಟ್ರು ತಾವಾಗಿಯೇ ಕರೆದು ಕಲಿಸಿದರು. ನಾನು ಬಾಗಿಲು ಹಾಕಿಕೊಂಡೆ.

ಇದಕ್ಕೆ ಎದುರು ವಾದವೂ ಇದೆ, ಅದನ್ನು ಅಡಗಿಸಬಾರದು. ಒಟ್ಟು ಮೂರು ಸಾವಿರವನ್ನು ಅವನು ಒಪ್ಪಿಯೇ ಬಂದಿದ್ದ. ಮೂಲ ವೇತನ ಹೆಚ್ಚಿಸಿದ್ದರೆ ಕಂಪನಿ ಒಟ್ಟು ಮೊತ್ತವನ್ನೇ ಕಡಿಮೆ ಮಾಡುತ್ತಿತ್ತೇನೋ. ಹಾಗಾಗಿ ಅವನಿಗೆ ನಷ್ಟವಾದದ್ದು 18,900 ದಿರ್ಹಂ ಎಂದು ನಾನು ಹೇಳಲಾರೆ. ಆದರೆ ಅವನಿಗೆ ಮೊದಲೇ ಗೊತ್ತಿದ್ದರೆ ತಿಂಗಳಿಗಿಷ್ಟು ಎಂದು ಬೇರೆ ಎತ್ತಿಡುತ್ತಿದ್ದ, ಮದುವೆಯ ಮಾತು ಕೊಡುವಾಗ ಎಚ್ಚರ ವಹಿಸುತ್ತಿದ್ದ. ಅವನಿಂದ ಹೋದದ್ದು ಹಣವೇ ಇರಲಿಕ್ಕಿಲ್ಲ. ಹನ್ನೆರಡು ವರ್ಷ ಸುಳ್ಳು ಲೆಕ್ಕವೊಂದನ್ನು ನಂಬಿ ಬದುಕಿದ, ಅದು ಸುಳ್ಳೆಂದು ನನಗೆ ಗೊತ್ತಿತ್ತು.

ತಾಳಮದ್ದಳೆಯಲ್ಲಿ ರಾಮನ ಪರವಾಗಿ ಎಷ್ಟೋ ಸಮರ್ಥನೆಗಳುಂಟು, ಅವುಗಳ ಬಲಾಬಲ ಇಲ್ಲಿ ಬೇಡ. ಆದರೆ ಒಂದನ್ನು ಗಮನಿಸಿದ್ದೀರಾ? ಬಾಣ ಬಿಟ್ಟ ಮೇಲೆ ರಾಮ ಮರದ ಹಿಂದಿನಿಂದ ಬಂದು ಬಿದ್ದಿರುವ ವಾಲಿಯ ಎದುರು ನಿಲ್ಲುತ್ತಾನೆ. ಅವನ ಪ್ರಶ್ನೆಗಳನ್ನೆಲ್ಲ ಕೇಳುತ್ತಾನೆ, ಉತ್ತರ ಕೊಡುತ್ತಾನೆ. ಆ ಅರ್ಹತೆಯೂ ನನಗಿರಲಿಲ್ಲ.

ಪಂದ್ಯಾವಳಿಯ ನಿಯಮ ಬದಲಾಯಿಸಿದೆ. ಯಾವ ರಬ್ಬರಾದರೂ ಆಗಬಹುದು. ಆಟಕ್ಕೆ ಮುಂಚೆ ಬ್ಯಾಟು ಎದುರಾಳಿಯ ಕೈಗೆ ಕೊಡಬೇಕು, ಮತ್ತು ಅವರು ಬಯಸಿದರೆ ಅದೇ ಬ್ಯಾಟಿನ ಎದುರು ಹತ್ತು ನಿಮಿಷ ಅಭ್ಯಾಸಕ್ಕೆ ಅವಕಾಶ ಕೊಡಬೇಕು. ಕ್ವಾರ್ಟರ್ ಫೈನಲ್‌ನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮಾಷ್ಟ್ರನ್ನು ಸೋಲಿಸಿದಳು. ತಿರುವಿಲ್ಲದ ನಿಧಾನದ ಚೆಂಡುಗಳನ್ನು ಕಪ್ಪು ಬದಿಗೆ ಹಾಕುತ್ತಲೇ ಹೋದಳು. ಎರಡು ವಾರ ಬೆಳಿಗ್ಗೆ ಆರು ಗಂಟೆಗೆ ಎದ್ದು ಅವಳಿಗೆ ಅದನ್ನು ಕಲಿಸಿದವರು ಯಾರೆಂದು ಬೇರೆ ಹೇಳಬೇಕಿಲ್ಲ. ಅಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರೂ ಅವರೇ. ನಾನು ಮೊದಲ ಸುತ್ತಿನಲ್ಲೇ ಹೊರಬಿದ್ದಿದ್ದೆ, ನುಣುಪು ರಬ್ಬರಿನ ಲಾಹೋರಿನ ಎಂಜಿನಿಯರಿಗೆ ಸೋತು.

ಆಫೀಸಿನಲ್ಲಿ ನಾನು ಮಾಡಿದ್ದು ಅಷ್ಟು ದೊಡ್ಡದಲ್ಲ. ಮೂಲ ವೇತನ ಬದಲಿಸುವ ಅಧಿಕಾರ ನನಗಿಲ್ಲ. ಕೇಳಿ ನೋಡಿದೆ, ಈಗ ಸಾಧ್ಯವಿಲ್ಲ ಎಂದರು. ಹೊಸಬರು ಸಹಿ ಹಾಕುವ ಮುನ್ನ ಕೊಡಲು ಒಂದು ಪುಟ ತಯಾರಿಸಿದೆ, ಹಿಂದಿ, ಉರ್ದು, ಮಲಯಾಳ, ತೆಲುಗು ಭಾಷೆಗಳಲ್ಲಿ. ಐದು ವರ್ಷಕ್ಕೆ ಬಿಟ್ಟರೆ ಇಷ್ಟು, ಹತ್ತಕ್ಕೆ ಇಷ್ಟು, ಹನ್ನೆರಡಕ್ಕೆ ಇಷ್ಟು ಎಂದು ನೇರ ಮೊತ್ತ. ಈಗಾಗಲೇ ಇರುವವರಿಗೂ ಹಂಚಿದೆ. ಕರೀಂನಗರದವನಿಗೆ ಫೋನು ಮಾಡಿ, ಆ ಕೋಷ್ಟಕ ಮಾಡಿದವನು ನಾನೇ ಎಂದು ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆವತ್ತೇ ಹೇಳಬಹುದಿತ್ತು ಸಾಬ್" ಎಂದ. ಯಾವತ್ತು, ಕೊನೆಯ ದಿನವೋ, ಸೇರಿದ ದಿನವೋ ಎಂದು ನಾನು ಕೇಳಲಿಲ್ಲ.

ಕಳೆದ ತಿಂಗಳು ಹೊಸದಾಗಿ ಸೇರಲು ಬಂದ ಹುಡುಗನೊಬ್ಬ ಆ ಪುಟ ಓದಿ, ತಲೆಯೆತ್ತಿ, "ಈ ಮೂಲ ವೇತನವನ್ನು ಸ್ವಲ್ಪ ಹೆಚ್ಚು ಮಾಡಬಹುದಾ ಸರ್?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಈ ಸಲ ಬಾಗಿಲು ತೆರೆದಿತ್ತು, ಅವನು ನನ್ನ ಎದುರಿನ ಕುರ್ಚಿಯಲ್ಲೇ ಕೂತಿದ್ದ. ಅವನ ಪ್ರಶ್ನೆಯನ್ನು ಬರೆದುಕೊಂಡು ಮೇಲಿನವರಿಗೆ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.